ಇಳಿಜಾರು ಜಾಗದ ಗಡಿಯಲ್ಲಿ ಕಾರ್ ಶೆಡ್: ಆರು ಅಡಿ ಮಣ್ಣು ತುಂಬುವ ಮೊದಲು

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ರಸ್ತೆಯಿಂದ ಹಿಂದಕ್ಕೆ ಇಳಿಯುತ್ತ ಹೋಗುವ 50 ಅಡಿ ಅಗಲ, 80 ಅಡಿ ಉದ್ದದ ಜಾಗದಲ್ಲಿ ಮನೆ ಕಟ್ಟಿ ಹದಿನಾಲ್ಕು ವರ್ಷವಾಯಿತು. ಮುಂದಿನ ಅಂಗಳ ಅಡಿಕೆ ಒಣಗಿಸಲು ಬೇಕಾದ್ದರಿಂದ, ಹಿಂಬದಿಯ ಮೂಲೆಯಲ್ಲಿ ಗಡಿಗೆ ತಾಗಿಯೇ 12 ಅಡಿ ಅಗಲ, 20 ಅಡಿ ಉದ್ದದ ಕಾರ್ ಶೆಡ್ ಮಾಡಬೇಕೆಂದಿದ್ದೇವೆ. ಅಲ್ಲಿಯ ನೆಲ ಅಂಗಳಕ್ಕಿಂತ ಆರು ಅಡಿ ಕೆಳಗಿದೆ. ಗಡಿಯಾಚೆ ನೆರೆಯವರ ಜಾಗ ಮತ್ತೆ ನಾಲ್ಕು ಅಡಿ ತಗ್ಗಿನಲ್ಲಿದೆ; ಅವರ ಹಿರಿಯರು ಗಾರೆಯಿಲ್ಲದೆ ಕಟ್ಟಿದ ಚೀರೆಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಒಣಗೋಡೆ ಆ ಮಣ್ಣನ್ನು ಹಿಡಿದಿದೆ, ಅದರ ಬುಡದಿಂದ ಹತ್ತು ಅಡಿಗೆ ಅವರ ಕೊಟ್ಟಿಗೆ. ಗಡಿಯ ಮೇಲೆ ಒಂಬತ್ತು ಇಂಚಿನ ಚೀರೆಕಲ್ಲಿನ ಗೋಡೆ ಎಬ್ಬಿಸಿ, ಮಣ್ಣು ತುಂಬಿ, ಮೇಲೆ ಕಾಂಕ್ರೀಟ್ ಹಾಕಿದರೆ ಸಾಕೆಂದು ಮೇಸ್ತ್ರಿ ಹೇಳುತ್ತಾರೆ. ನೆರೆಯವರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಆದರೆ ಪ್ರತಿ ಮಳೆಗಾಲದಲ್ಲಿ ಆ ಮೂಲೆಯಲ್ಲಿ ಒರತೆ ಏಳುತ್ತದೆ. ಅಲ್ಲಿರುವ ಹಳೆಯ ಹಲಸಿನ ಮರವನ್ನೂ ಕಡಿಯಬೇಕಾಗುತ್ತದೆ. ಗೋಡೆ ನಿಲ್ಲುತ್ತದೆಯೇ, ಗಡಿಯಿಂದ ಎಷ್ಟು ಬಿಡಬೇಕು, ಬೇರೆ ದಾರಿ ಏನಾದರೂ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಕೇಳಿರುವ ಪ್ರಶ್ನೆಗಳು ಮೂರಾದರೂ, ಅವುಗಳ ಹಿಂದಿರುವ ಅಂಜಿಕೆ ಒಂದೇ ಎಂದು ನಾನು ಓದಿಕೊಂಡಿದ್ದೇನೆ. ಗೋಡೆ ಜಾರಿದರೆ ಅದು ಬೀಳುವುದು ನಿಮ್ಮ ಅಂಗಳಕ್ಕಲ್ಲ, ನೆರೆಯವರ ಕೊಟ್ಟಿಗೆಯ ಮೇಲೆ. ಆ ಅಂಜಿಕೆಗೆ ಆಧಾರವಿದೆ. ಮೇಸ್ತ್ರಿಯವರು ಹೇಳಿದ ಹಾಗೆ ಕಟ್ಟಿದ ಗೋಡೆ ಒಂದೆರಡು ಮಳೆಗಾಲ ದಾಟಿದರೂ ದಾಟಬಹುದು, ಆದರೆ ಅದನ್ನು ನಂಬಿ ಕೆಳಗೆ ದನ ಕಟ್ಟಬಹುದು ಎಂದು ಹೇಳಲು ನಾನು ಸಿದ್ಧನಿಲ್ಲ.

ಮೊದಲು ಅಳತೆಯನ್ನೇ ಸರಿಯಾಗಿ ನೋಡೋಣ. ನೀವೂ ಮೇಸ್ತ್ರಿಯವರೂ ಆರು ಅಡಿಯ ಲೆಕ್ಕ ಹಿಡಿದಿದ್ದೀರಿ, ಏಕೆಂದರೆ ಹೊಸದಾಗಿ ತುಂಬುವ ಮಣ್ಣು ಅಷ್ಟೇ. ಮಣ್ಣಿನ ಲೆಕ್ಕದಲ್ಲಿ ಅದು ಹತ್ತು ಅಡಿ: ನಿಮ್ಮ ಆರು ಮತ್ತು ಅದರ ಕೆಳಗೆ ನೆರೆಯವರ ಗೋಡೆ ಹಿಡಿದಿರುವ ನಾಲ್ಕು. ಗೋಡೆಯನ್ನು ಮಣ್ಣು ಪಕ್ಕಕ್ಕೆ ತಳ್ಳುವ ಬಲ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ; ಎತ್ತರ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು, ಗೋಡೆಯನ್ನು ಮಗುಚಲು ನೋಡುವ ಶಕ್ತಿ ಎಂಟು ಪಟ್ಟು. ಆದ್ದರಿಂದ ಇಂದು ನಾಲ್ಕು ಅಡಿ ಮಣ್ಣಿನ ನೂಕನ್ನು ತಡೆದು ನಿಂತಿರುವ ಆ ಹಳೆಯ ಗೋಡೆಯ ಜಾಗದಲ್ಲಿ, ನೀವು ಮಣ್ಣು ತುಂಬಿದ ದಿನದಿಂದ, ಸ್ಥೂಲವಾಗಿ ಆರು ಪಟ್ಟಿಗೂ ಹೆಚ್ಚಿನ ನೂಕು ಕೆಲಸ ಮಾಡುತ್ತದೆ. ನೆರೆಯವರು ಬಾಯಿಮಾತಿನಲ್ಲಿ ಒಪ್ಪಿದಾಗ ಈ ಲೆಕ್ಕ ಅವರ ಕಣ್ಣ ಮುಂದೆ ಇದ್ದಿರಲಿಕ್ಕಿಲ್ಲ.

ಕಾರಿನ ಭಾರಕ್ಕೆ ಗೋಡೆ ತಡೆಯುತ್ತದೆಯೇ ಎಂದು ಹೆಚ್ಚಿನವರು ಕೇಳುತ್ತಾರೆ. ಸಾಮಾನ್ಯ ಕಾರು ಒಂದರಿಂದ ಒಂದೂವರೆ ಟನ್ ತೂಗುತ್ತದೆ. ನೀವು ತುಂಬುವ ಮಣ್ಣು, ನೆಲದ ಇಳಿಜಾರನ್ನು ಕಳೆದು ಲೆಕ್ಕ ಹಾಕಿದರೂ, ಐವತ್ತು ಅರವತ್ತು ಟನ್ನಿಗೆ ಕಡಿಮೆಯಾಗದು. ಎರಡು ಮೀಟರ್, ಅಂದರೆ ಸುಮಾರು ಆರೂವರೆ ಅಡಿ ಎತ್ತರದ ಗೋಡೆಯ ಹಿಂದೆ ಒಣ ಮಣ್ಣಿದ್ದರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 1.2 ಟನ್ ನೂಕು ಬೀಳುತ್ತದೆ. ಅದೇ ಮಣ್ಣಿನಲ್ಲಿ ಗೋಡೆಯ ತಲೆಯವರೆಗೆ ನೀರು ನಿಂತರೆ ಆ ನೂಕು 2.6 ಟನ್ನಿಗೆ ಏರುತ್ತದೆ, ಅದರಲ್ಲಿ ಎರಡು ಟನ್ ಬರಿಯ ನೀರಿನದು. ನಿಮ್ಮ 20 ಅಡಿ ಉದ್ದಕ್ಕೆ ಇದನ್ನು ಕೂಡಿಸಿದರೆ ಹದಿನಾರು ಟನ್ನಿನ ಹತ್ತಿರ ಬರುತ್ತದೆ. ಕಾರನ್ನು ಹೊರಗೆ ನಿಲ್ಲಿಸಿದರೂ ಮಳೆಗಾಲದ ಮಧ್ಯರಾತ್ರಿ ಈ ನೂಕು ಅಲ್ಲೇ ಇರುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು ಒರತೆಯದು. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್, ಘಟ್ಟದ ಕೆಳಗೆ ಕಾರವಾರ, ಕುಮಟಾ ಕಡೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೇಲಿನ ಬೆಟ್ಟದಲ್ಲಿ ಇಂಗಿದ ನೀರು ಚೀರೆಕಲ್ಲಿನ ಸೀಳುಗಳಲ್ಲಿ ಇಳಿದು, ಕೆಳಗಿನ ಶೇಡಿ ಮಣ್ಣಿನ (ನುಣುಪಾದ ಜೇಡಿಯಂಥ ಮಣ್ಣಿನ) ಪದರ ಸಿಕ್ಕಿದಲ್ಲಿ ಮುಂದೆ ಇಳಿಯಲಾಗದೆ ಪಕ್ಕಕ್ಕೆ ಹರಿದು, ಇಳಿಜಾರಿನ ಮೈಯಲ್ಲಿ ಎಲ್ಲೋ ಹೊರಬರುತ್ತದೆ. ನಿಮ್ಮಲ್ಲಿ ಅದು ಹೊರಬರುವ ಜಾಗವೇ ಆ ಮೂಲೆ. ಅದರ ಮೇಲೆ ಆರು ಅಡಿ ಮಣ್ಣು ಹೇರಿದರೆ ಒರತೆ ಬತ್ತುವುದಿಲ್ಲ, ತುಂಬಿದ ಮಣ್ಣಿನೊಳಗೇ ಏಳುತ್ತದೆ.

ಚೀರೆಕಲ್ಲಿನ ಧರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಕುಸಿಯುವುದಿಲ್ಲ ಎಂಬ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಆಳವಾಗಿದೆ, ಅದಕ್ಕೆ ಕಾರಣವೂ ಇದೆ. ಗಾಳಿಗೆ ಒಡ್ಡಿದ ಚೀರೆಕಲ್ಲು ಗಟ್ಟಿಯಾಗುತ್ತದೆ, ನೆಟ್ಟಗೆ ಕಡಿದ ಧರೆ ಇಪ್ಪತ್ತು ವರ್ಷ ಅಲುಗಾಡದೆ ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಗಟ್ಟಿಯಾಗಿರುವುದು ಮೇಲಿನ ಪದರ ಮಾತ್ರ. ಕೆಳಗಿನ ಶೇಡಿ ಒಣಗಿದ್ದಾಗ ಪಿಕಾಸಿಗೂ ಜಗ್ಗದು, ನೀರು ಕುಡಿದಾಗ ಬೆರಳಲ್ಲಿ ಒತ್ತಿದರೆ ಸಾಬೂನಿನಂತೆ ಜಾರುತ್ತದೆ. ಬೇಸಿಗೆಯಲ್ಲಿ ಗುಂಡಿ ತೆಗೆದು ನೆಲ ಗಟ್ಟಿಯಿದೆ ಎಂದು ತೀರ್ಮಾನಿಸುವುದು ಇದೇ ಕಾರಣಕ್ಕೆ ಅಪಾಯ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆ, 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು, ಇಲ್ಲೆಲ್ಲ ಆದ ಭೂಕುಸಿತಗಳು ನಮ್ಮ ಜಿಲ್ಲೆಯ ನೆನಪಿನಲ್ಲಿ ಹಸಿಯಾಗಿವೆ. ಒಂದು ಕಾರ್ ಶೆಡ್ಡನ್ನು ಆ ದುರಂತಗಳ ಪಕ್ಕದಲ್ಲಿ ಇಟ್ಟು ನಿಮ್ಮನ್ನು ಹೆದರಿಸುವ ಉದ್ದೇಶ ನನಗಿಲ್ಲ. ಆದರೆ ನೀರು ಕುಡಿದು ಭಾರವಾದ ಮಣ್ಣು ಇಳಿಜಾರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬ ನಿಯಮ ಹತ್ತು ಅಡಿಯ ಧರೆಗೂ ದೊಡ್ಡ ಗುಡ್ಡಕ್ಕೂ ಬೇರೆಯಲ್ಲ.

ನೆರೆಯವರ ಒಣಗೋಡೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಗಾರೆಯಿಲ್ಲದೆ ಇಟ್ಟ ಕಲ್ಲು ದುರ್ಬಲ, ಸಿಮೆಂಟು ಹಾಕಿದ್ದು ಬಲ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಆ ಗೋಡೆ ಇಷ್ಟು ವರ್ಷ ನಿಂತಿರುವುದು ಅದರ ಸಂದುಗಳಿಂದ. ಕಲ್ಲು ಕಲ್ಲುಗಳ ನಡುವೆ ನೀರು ಸೋರಿಹೋಗುವುದರಿಂದ ಅದರ ಹಿಂದೆ ನೀರಿನ ಒತ್ತಡ ಕಟ್ಟಿಕೊಳ್ಳುವುದೇ ಇಲ್ಲ. ಅದರ ಬೆನ್ನಿಗೇ ನೀವು ಕಾಂಕ್ರೀಟಿನ ಪಂಚಾಂಗ (ಅಡಿಪಾಯ) ಸುರಿದರೆ ನೀರಿನ ಆ ದಾರಿ ಮುಚ್ಚಿಹೋಗಿ, ಈವರೆಗೆ ಒಮ್ಮೆಯೂ ತೊಂದರೆ ಕೊಡದ ಗೋಡೆ ಮೊದಲ ಮಳೆಗಾಲದಲ್ಲೇ ಹೊಟ್ಟೆ ಬಿಡಬಹುದು.

ಇಂಥದ್ದೊಂದನ್ನು ನಾನು ಹತ್ತಿರದಿಂದ ನೋಡಿದ್ದು ಕುಮಟಾ ಕಡೆಯ ಒಂದು ಮನೆಯಲ್ಲಿ. ಏಳು ಅಡಿಯ ತಡೆಗೋಡೆಗೆ ಎಂಜಿನಿಯರ್ ಹೇಳಿದಂತೆ ನೀರಿನ ಪೈಪುಗಳನ್ನು ಇಟ್ಟಿದ್ದರು. ಕೆಳಗಿನ ಮನೆಯವರು ತಮ್ಮ ಅಂಗಳಕ್ಕೆ ನೀರು ಬರುತ್ತದೆ ಎಂದು ಆಕ್ಷೇಪಿಸಿದ ಮೇಲೆ, ಗೋಡೆಗೆ ಪ್ಲಾಸ್ಟರ್ ಮಾಡುವಾಗ ಗೌಂಡಿಯಿಂದ ಆ ಪೈಪುಗಳ ಬಾಯಿ ಮುಚ್ಚಿಸಿದರು. ಜುಲೈನಲ್ಲಿ ನಾನು ಹೋದಾಗ ಗೋಡೆಯ ನಡುಭಾಗ ನಾಲ್ಕು ಇಂಚು ಮುಂದಕ್ಕೆ ಬಾಗಿತ್ತು, ಪ್ಲಾಸ್ಟರಿನ ಮೇಲೆ ಅಡ್ಡಲಾಗಿ ಒಂದು ಬಿರುಕು ಓಡಿತ್ತು. ಮೊದಲು ಕೆಳಗಿನ ಮನೆಯವರನ್ನು ಆ ಬದಿಯಿಂದ ದೂರ ಕಳಿಸಿ, ನಂತರ ಪಕ್ಕಕ್ಕೆ ನಿಂತು ಉದ್ದನೆಯ ಸರಳಿನಿಂದ ಒಂದು ಪೈಪಿನ ಬಾಯಿ ಒಡೆಸಿದೆವು. ಕೆಂಪು ನೀರು ಮೂರು ಅಡಿ ದೂರಕ್ಕೆ ಚಿಮ್ಮಿತು. ಆ ಗೋಡೆಯನ್ನು ಆಮೇಲೆ ಪೂರ್ತಿ ಬಿಚ್ಚಿ ಕಟ್ಟಬೇಕಾಯಿತು. ಅಲ್ಲಿ ಕಲ್ಲಿಗೂ ಸಿಮೆಂಟಿಗೂ ಯಾವ ಕೊರತೆಯೂ ಆಗಿರಲಿಲ್ಲ.

ಈಗ ಗಡಿಯಿಂದ ಎಷ್ಟು ಬಿಡಬೇಕು ಎಂಬುದು. ಕಾನೂನಿನ ಅಂತರ ಬೇರೆ, ಮಣ್ಣಿನ ಅಂತರ ಬೇರೆ. ಮಣ್ಣಿನ ಲೆಕ್ಕಕ್ಕೆ ನಾವು ಬಳಸುವ ಸರಳ ಕ್ರಮ ಇದು: ನೆರೆಯವರ ಗೋಡೆಯ ಬುಡದಿಂದ ನಿಮ್ಮ ಕಡೆಗೆ 45 ಡಿಗ್ರಿಯಲ್ಲಿ ಮೇಲೇರುವ ಒಂದು ಗೆರೆಯನ್ನು ಮನಸ್ಸಿನಲ್ಲಿ ಎಳೆಯಿರಿ, ನಿಮ್ಮ ಪಂಚಾಂಗದ ತಳ ಆ ಗೆರೆಯ ಕೆಳಗೆ ಇರಬೇಕು. ಅಂದರೆ ನಾಲ್ಕು ಅಡಿಯ ಗೋಡೆಗೆ, ನೆಲಮಟ್ಟದಲ್ಲಿ ಕೂರುವ ಭಾರ ಕನಿಷ್ಠ ನಾಲ್ಕು ಅಡಿ ಹಿಂದಿರಬೇಕು. ಶೇಡಿ ಇರುವಲ್ಲಿ, ಒರತೆ ಇರುವಲ್ಲಿ ನಾನು ಅದನ್ನು ಒಂದೂವರೆ ಪಟ್ಟು ಮಾಡಿ ಆರು ಅಡಿ ಹಿಡಿಯುತ್ತೇನೆ. ಇದಕ್ಕಿಂತ ಹತ್ತಿರ ಬರಲೇಬೇಕೆಂದರೆ ಪಂಚಾಂಗವನ್ನು ಅಷ್ಟೇ ಆಳಕ್ಕೆ ಇಳಿಸಬೇಕು. ಹಾಗೆ ಅಗೆಯುವಾಗಲೇ ಹಳೆಯ ಗೋಡೆಯ ಬೆನ್ನು ಬಿಚ್ಚಿಕೊಳ್ಳುವ ಅಪಾಯವಿದೆ.

ಕಾನೂನಿನ ಕಡೆಯಿಂದ, ಶೆಡ್ ಮನೆಯಲ್ಲವಾದ್ದರಿಂದ ಅನುಮತಿ ಬೇಡ ಎಂಬ ಮಾತನ್ನು ನಂಬಿ ಕೂರಬೇಡಿ. ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ಕಟ್ಟಡಕ್ಕೆ ಅನುಮತಿ ಪಡೆಯಬೇಕೆಂದು 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣ ಹೇಳುತ್ತದೆ. ಗಡಿಯಿಂದ ಬಿಡಬೇಕಾದ ಅಂತರವನ್ನು ನಿಮ್ಮ ಜಾಗದ ಅಳತೆ ಮತ್ತು ರಸ್ತೆಯನ್ನು ನೋಡಿ ಪಂಚಾಯತಿಯಿಂದಲೇ ಬರಹದಲ್ಲಿ ಪಡೆಯಿರಿ. ಅದಕ್ಕೂ ಮೊದಲು ಗಡಿ ಎಲ್ಲಿದೆ ಎಂಬುದು ಖಚಿತವಾಗಬೇಕು. ಒಣಗೋಡೆ ಇರುವುದೇ ಗಡಿ ಎಂದು ಎರಡೂ ಮನೆಯವರು ನಂಬಿಕೊಂಡು ಬಂದಿರುತ್ತಾರೆ, ಅಳತೆ ಮಾಡಿದರೆ ಎರಡು ಮೂರು ಅಡಿ ಆಚೀಚೆ ಬರುವುದುಂಟು. ಸರ್ವೆ ನಂಬರಿನ ಜಾಗವಾದರೆ ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸುವುದಕ್ಕೆ) ಅರ್ಜಿ ಕೊಟ್ಟು ಕಲ್ಲು ಹಾಕಿಸಿಕೊಳ್ಳಿ.

ನೆರೆಯವರ ಹಕ್ಕನ್ನೂ ನೀವು ತಿಳಿದಿರಬೇಕು. 1882ರ ಭಾರತೀಯ ಈಸ್‌ಮೆಂಟ್ (ಪರರ ಜಾಗದ ಮೇಲಿನ ಅನುಭೋಗದ ಹಕ್ಕುಗಳ) ಕಾಯ್ದೆಯ 7ನೇ ಪ್ರಕರಣದ ಉದಾಹರಣೆಗಳ ಪ್ರಕಾರ, ಸಹಜ ಸ್ಥಿತಿಯಲ್ಲಿರುವ ಭೂಮಿಗೆ ಪಕ್ಕದ ಭೂಮಿಯ ಆಧಾರ ಸಿಗುವುದು ಹಕ್ಕು. ಹಾಗೆಯೇ ಮೇಲಿನ ಜಾಗದಲ್ಲಿ ತಾನಾಗಿ ಬಿದ್ದ, ತಾನಾಗಿ ಎದ್ದ ನೀರು ಕೆಳಗಿನ ಜಾಗಕ್ಕೆ ಸಹಜವಾಗಿ ಹರಿಯುವುದೂ ಮೇಲಿನವರ ಹಕ್ಕು. ಇಲ್ಲಿ ‘ಸಹಜ’ ಎಂಬ ಮಾತೇ ಮುಖ್ಯ. ಮಣ್ಣು ತುಂಬಿ ಎತ್ತರಿಸಿದ ನೆಲ ಸಹಜ ಸ್ಥಿತಿಯದ್ದಲ್ಲ, ಚಾವಣಿಯಿಂದ ಕೂಡಿಸಿ ಬಿಟ್ಟ ನೀರೂ ಸಹಜವಾಗಿ ಹರಿದ ನೀರಲ್ಲ. ನಿಮ್ಮ ಶೆಡ್ಡಿನ 240 ಚದರ ಅಡಿ ಚಾವಣಿಯ ಮೇಲೆ ಒಂದು ವರ್ಷದಲ್ಲಿ ಬೀಳುವ ನೀರು ಸುಮಾರು 55 ಸಾವಿರ ಲೀಟರ್. ಗಡಿಗೆ ತಾಗಿ ಕಟ್ಟಿದರೆ ಆ ಮಾಡಿನ ನೀರು ನೇರವಾಗಿ ಅವರ ಗೋಡೆಯ ತಲೆಗೆ ಬೀಳುತ್ತದೆ. ಎಲ್ಲಿ ಕಟ್ಟಿದರೂ ಮಾಡಿಗೆ ನೀರು ಹಿಡಿಯುವ ದೋಣಿ ಹಾಕಿ, ಪೈಪಿನಲ್ಲಿ ಇಳಿಸಿ, ನಿಮ್ಮದೇ ಗಟಾರಕ್ಕೆ ಸೇರಿಸಬೇಕು.

ಇನ್ನು ಇರುವ ದಾರಿಗಳನ್ನು ಹೇಳುತ್ತೇನೆ. ನೀವು ಯೋಚಿಸಿದ ಮೂಲೆಯಲ್ಲೇ ಮಣ್ಣು ತುಂಬಿ ಕಟ್ಟುವುದಾದರೆ ಒಂಬತ್ತು ಇಂಚಿನ ಗೋಡೆಯ ಮಾತನ್ನು ಪೂರ್ತಿ ಬಿಡಬೇಕು. ಭಾರದಿಂದಲೇ ನಿಲ್ಲುವ ಕರಿಕಲ್ಲಿನ ತಡೆಗೋಡೆಗೆ ಬುಡದಲ್ಲಿ ಎತ್ತರದ ಅರ್ಧದಿಂದ ಮುಕ್ಕಾಲು ಭಾಗದ ಅಗಲ ಬೇಕು. ನೆಲದೊಳಗಿನದ್ದೂ ಸೇರಿ ಎಂಟು ಅಡಿಯ ಗೋಡೆಗೆ ನಾಲ್ಕರಿಂದ ಆರು ಅಡಿ. ಆ ಅಗಲವೆಲ್ಲ ನಿಮ್ಮ ಗಡಿಯ ಒಳಗೇ ಬರಬೇಕು, ಜೊತೆಗೆ ಮೇಲೆ ಹೇಳಿದ ಆರು ಅಡಿ ಬಿಡುವೂ ಇರಬೇಕು. ಕಬ್ಬಿಣ ಹಾಕಿದ ಕಾಂಕ್ರೀಟ್ ಗೋಡೆಯಾದರೆ ಮೈ ತೆಳ್ಳಗಿರುತ್ತದೆ, ಆದರೆ ಅದರ ಪಾದವೂ ಅಷ್ಟೇ ಅಗಲ ಕೇಳುತ್ತದೆ. ಗೋಡೆಯ ಹಿಂದೆ ಒಂದು ಅಡಿ ದಪ್ಪಕ್ಕೆ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ಮಣ್ಣು ತಡೆದು ನೀರು ಬಿಡುವ ಬಟ್ಟೆ, ಐದೈದು ಅಡಿಗೆ ಮೂರು ಇಂಚಿನ ಪೈಪು ಹೊರಮುಖವಾಗಿ ಓರೆಯಾಗಿ, ಬುಡದಲ್ಲಿ ಒರತೆಯ ನೀರನ್ನು ಹಿಡಿದು ಪಕ್ಕಕ್ಕೆ ಒಯ್ಯುವ ತೂತಿನ ಪೈಪು, ಇಷ್ಟೂ ಆಗಲೇಬೇಕು. ಗುಂಡಿಯಿಂದ ತೆಗೆದ ಶೇಡಿಯನ್ನು ಮತ್ತೆ ಅಲ್ಲೇ ತುಂಬಬಾರದು. ತುಂಬುವ ಮಣ್ಣನ್ನು ಎಂಟೊಂಬತ್ತು ಇಂಚಿನ ಪದರಗಳಲ್ಲಿ ಹದವಾಗಿ ನೀರು ಹಾಕಿ ದಮ್ಮಸ್ಸು ಮಾಡಬೇಕು. ಟಿಪ್ಪರಿನಿಂದ ಸುರಿದು ಜೆಸಿಬಿಯ ಗಾಲಿಯಲ್ಲಿ ಒತ್ತಿದ ಮಣ್ಣು ಎರಡು ಮಳೆಗಾಲದಲ್ಲಿ ಹಲವು ಇಂಚು ಕುಸಿದು ಮೇಲಿನ ಕಾಂಕ್ರೀಟನ್ನು ಪೊಳ್ಳಾಗಿ ಬಿಡುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಆ ಮೂಲೆಯಲ್ಲಿ ಶೆಡ್ಡಿಗೆ ಉಳಿಯುವ ಜಾಗವನ್ನೂ ತಗಲುವ ಖರ್ಚನ್ನೂ ನೋಡಿದರೆ, ಈ ದಾರಿಯನ್ನು ನಾನು ನಿಮಗೆ ಹೇಳಲಾರೆ.

ಮಣ್ಣು ತುಂಬದೆ ಕೆಳಗಿನ ಮಟ್ಟದಲ್ಲೇ ಶೆಡ್ ಮಾಡಿ ಇಳಿಜಾರು ದಾರಿ ಹಾಕಬಹುದಲ್ಲ ಎಂದು ನೀವು ಕೇಳಬಹುದು. ಕಾರು ಸಲೀಸಾಗಿ ಹತ್ತಬೇಕಾದರೆ ಎಂಟು ಅಡಿಗೆ ಒಂದು ಅಡಿಗಿಂತ ಹೆಚ್ಚಿನ ಇಳಿತ ಇರಬಾರದು, ಆರು ಅಡಿಗೆ 48 ಅಡಿ ಉದ್ದ ಬೇಕು. ಮನೆಯ ಪಕ್ಕದಲ್ಲಿ ನಿಮಗೆ ಅಷ್ಟು ಉದ್ದ ಸಿಗಲಾರದು. ಇದಕ್ಕಿಂತ ಕಡಿದಾಗಿ ಮಾಡಿದರೆ ಜುಲೈನಲ್ಲಿ ಪಾಚಿ ಕಟ್ಟಿದ ಕಾಂಕ್ರೀಟಿನ ಮೇಲೆ ಕಾರು ಜಾರುವುದು ಮತ್ತೆ ನೆರೆಯವರ ಕಡೆಗೇ.

ಆ ಮೂಲೆಯೇ ಬೇಕೆಂದಾದರೆ ಕಂಬಗಳ ಮೇಲೆ ಶೆಡ್ ಕಟ್ಟುವುದು ಇದಕ್ಕಿಂತ ಮೇಲು. ನೆಲವನ್ನು ಇದ್ದ ಹಾಗೆ ಬಿಟ್ಟು, ಗಡಿಯಿಂದ ಆರು ಅಡಿ ಒಳಗೆ ಕಾಂಕ್ರೀಟ್ ಕಂಬಗಳನ್ನು ಎಬ್ಬಿಸಿ, ಅಂಗಳದ ಮಟ್ಟದಲ್ಲಿ ಸ್ಲ್ಯಾಬ್ ಹಾಕಿದರೆ ಪಕ್ಕಕ್ಕೆ ನೂಕುವ ಮಣ್ಣೇ ಇರುವುದಿಲ್ಲ, ಒರತೆ ತನ್ನ ಪಾಡಿಗೆ ಹರಿದುಹೋಗುತ್ತದೆ, ಕೆಳಗೆ ಕಟ್ಟಿಗೆ ಇಡಲು ಜಾಗವಾಗುತ್ತದೆ. ಆದರೆ ಕಂಬದ ಭಾರ ಒಂದೇ ಬಿಂದುವಿಗೆ ಇಳಿಯುವುದರಿಂದ ಅದರ ಪಾದ ಶೇಡಿಯನ್ನು ದಾಟಿ ಗಟ್ಟಿ ನೆಲ ಮುಟ್ಟಬೇಕು. ಇಳಿಜಾರಿನಲ್ಲಿ ಒಂದು ಸಾಲಿನ ಕಂಬ ಗಿಡ್ಡ, ಇನ್ನೊಂದು ಸಾಲಿನದು ಉದ್ದ ಆಗುವುದರಿಂದ ಎರಡನ್ನೂ ಬೀಮಿನಿಂದ ಕಟ್ಟಬೇಕು. ಕಾರು ಮುಂದೆ ಹೋಗದಂತೆ ಅಂಚಿಗೆ ಗಟ್ಟಿಯಾದ ತಡೆ ಬೇಕು. ಇದು ಮೇಸ್ತ್ರಿಯ ಅನುಭವಕ್ಕೆ ಬಿಡುವ ಕೆಲಸವಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ನಕ್ಷೆ ಕೊಡಬೇಕು.

ನಿಮ್ಮ ಜಾಗ ನನ್ನದಾಗಿದ್ದರೆ ನಾನು ಶೆಡ್ಡನ್ನು ಮೇಲೆ, ರಸ್ತೆಯ ಬದಿಯ ಮೂಲೆಗೆ ತರುತ್ತಿದ್ದೆ. ಅಲ್ಲಿ ತುಂಬುವುದೂ ಕಡಿಯುವುದೂ ಬಹಳ ಕಡಿಮೆ, ಕಾರು ಮನೆಯನ್ನು ಸುತ್ತಬೇಕಾಗಿಲ್ಲ. ಅಂಗಳ ಹೋಗುತ್ತದೆ ಎಂಬ ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ಅಡಿಕೆ ಮನೆಯವರಿಗೆ ಬಿಸಿಲು ಬೀಳುವ ಅಂಗಳವೆಂದರೆ ಸಣ್ಣ ಮಾತಲ್ಲ. ಅದಕ್ಕೇ ಶೆಡ್ಡಿಗೆ ತಗಡಿನ ಬದಲು ಸಪಾಟಾದ ಕಾಂಕ್ರೀಟ್ ಸ್ಲ್ಯಾಬ್ ಹಾಕಿ, ಪಕ್ಕದಲ್ಲಿ ಮೆಟ್ಟಿಲಿಟ್ಟರೆ, ಕೆಳಗೆ ಕಳೆದುಕೊಂಡ 240 ಚದರ ಅಡಿ ಮೇಲೆ ಸಿಗುತ್ತದೆ, ಅದೂ ಮರದ ನೆರಳು ಕಡಿಮೆ ಬೀಳುವ ಎತ್ತರದಲ್ಲಿ. ಇಲ್ಲಿಯೂ ತೊಡಕುಗಳಿವೆ. ರಸ್ತೆಯಿಂದ ಬಿಡಬೇಕಾದ ಅಂತರ ಹಿಂಬದಿಗಿಂತ ಹೆಚ್ಚಿರಬಹುದು. ರಸ್ತೆ ಯಾವ ಇಲಾಖೆಯದೆಂದು ನೋಡಿ ಅದನ್ನು ಮೊದಲೇ ಕೇಳಿಕೊಳ್ಳಿ. ರಸ್ತೆಯ ನೀರು ಶೆಡ್ಡಿನೊಳಗೆ ನುಗ್ಗದಂತೆ ಬಾಗಿಲಿನ ಮುಂದೆ ಅಡ್ಡಕ್ಕೆ ಒಂದು ಗಟಾರ, ಅದರ ಮೇಲೆ ಕಬ್ಬಿಣದ ಜಾಲರಿ ಬೇಕು. ಆ ಗಟಾರದ ನೀರನ್ನು ಮನೆಯ ಬದಿಯಿಂದ ಕಲ್ಲು ಹಾಸಿದ ಕಾಲುವೆಯಲ್ಲಿ ಇಳಿಸಿ, ಮೊದಲಿನಿಂದ ನೀರು ಹರಿಯುತ್ತಿದ್ದ ದಾರಿಗೇ ಬಿಡಬೇಕು, ಹೊಸ ಜಾಗದಲ್ಲಿ ಗಡಿ ದಾಟಿಸಬಾರದು.

ಯಾವ ದಾರಿ ಹಿಡಿದರೂ ಅಗೆತ ದೀಪಾವಳಿ ಕಳೆದು ನೆಲದ ನೀರು ಇಳಿದ ಮೇಲೆ ಶುರುವಾಗಿ, ಮೇ ಮುಗಿಯುವುದರೊಳಗೆ ಗೋಡೆ, ಗಟಾರ ಎರಡೂ ಮುಗಿದಿರಬೇಕು. ಕಾಂಕ್ರೀಟ್ ಗೋಡೆಗೆ ಇಪ್ಪತ್ತೆಂಟು ದಿನ ತುಂಬುವ ಮೊದಲು ಹಿಂದೆ ಮಣ್ಣು ತುಂಬಲು ಬಿಡಬೇಡಿ. ಕೆಲಸ ಶುರುವಾಗುವ ಮೊದಲು ನೆರೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ ಅವರ ಗೋಡೆ, ಕೊಟ್ಟಿಗೆಗಳ ಫೋಟೋ ತೆಗೆಯಿರಿ, ಈಗಾಗಲೇ ಇರುವ ಬಿರುಕುಗಳನ್ನು ಬರೆದು ಇಬ್ಬರೂ ಸಹಿ ಮಾಡಿ. ಬಾಯಿಮಾತಿನ ಒಪ್ಪಿಗೆ ಇಂದು ಒಪ್ಪಿದವರದ್ದು. ಜಾಗ ಮುಂದೆ ಅವರ ಮಕ್ಕಳ ಕೈಗೆ ಹೋಗುತ್ತದೆ.

ತಡೆಗೋಡೆ ಕಟ್ಟಿದಿರೆಂದೇ ಇಟ್ಟುಕೊಂಡರೂ, ಮೊದಲ ಮಳೆಗಾಲದಲ್ಲಿ ಅದರ ಪೈಪುಗಳನ್ನು ನೋಡುತ್ತಿರಿ. ತಿಳಿನೀರು ತೊಟ್ಟಿಕ್ಕುತ್ತಿದ್ದರೆ ಗೋಡೆ ಉಸಿರಾಡುತ್ತಿದೆ ಎಂದು ಅರ್ಥ. ಕೆಂಪು ರಾಡಿ ನೀರು ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ. ಗೋಡೆಯ ಮೈಯೆಲ್ಲ ತೇವವಾಗಿದ್ದೂ ಪೈಪುಗಳು ಒಣಗಿದ್ದರೆ ಅದು ಇನ್ನೂ ಕೆಟ್ಟದ್ದು, ಕೆಳಗಿನವರಿಗೆ ತಿಳಿಸಿ ಅಂದೇ ಎಂಜಿನಿಯರನ್ನು ಕರೆಯಿರಿ.

ಕೊನೆಗೆ ಹಲಸಿನ ಮರ. ಅದನ್ನು ಕಡಿಯಬೇಡಿ. ಅಷ್ಟು ವರ್ಷದ ಮರದ ಬೇರು ಆ ಧರೆಯ ಮಣ್ಣನ್ನು ಹಿಡಿದಿರುವುದಷ್ಟೇ ಅಲ್ಲ, ಒರತೆಯ ನೀರಿನಲ್ಲಿ ಒಂದು ಪಾಲನ್ನು ಪ್ರತಿದಿನ ಹೀರಿಕೊಳ್ಳುತ್ತಿದೆ. ಕಡಿದ ವರ್ಷ ಏನೂ ಆಗುವುದಿಲ್ಲ. ಕೆಲವು ವರ್ಷಗಳಲ್ಲಿ ಬೇರು ಕೊಳೆತು, ಅದು ಇದ್ದ ಜಾಗ ಪೊಳ್ಳಾಗಿ, ನೀರು ಒಳಕ್ಕಿಳಿಯುವ ದಾರಿಯಾಗುತ್ತದೆ. ಶೆಡ್ ಮೇಲಿನ ಮೂಲೆಗೆ ಬಂದರೆ ಆ ಮರಕ್ಕೆ ಕೊಡಲಿ ಮುಟ್ಟಿಸುವ ಅಗತ್ಯವೇ ಬೀಳುವುದಿಲ್ಲ.